ಇನ್ನೊಂದು ರೊಟ್ಟಿ ಹಾಕ್ಲೇನು ತಮ್ಮಾ?

ಮಧ್ಯಾಹ್ನ ಒಂದೂವರೆ ಗಂಟೆ. ಇಂಡಿಯ ಬಸ್ ನಿಲ್ದಾಣದ ಕಡೆಯಿಂದ ಸಣ್ಣದೊಂದು ಓಣಿಗೆ ಹೊರಳಿದರೆ ಮೊದಲು ಕಿವಿಗೆ ಬೀಳುವುದು ಸದ್ದು. ಪಟ್... ಪಟ್... ಪಟ್... ತಪ್ಪದ ಒಂದೇ ಲಯ. ಅದರ ಹಿಂದೆಯೇ ಒಲೆಯ ಹೊಗೆ, ಸುಡುತ್ತಿರುವ ಜೋಳದ ಹಿಟ್ಟಿನ ವಾಸನೆ. ತಗಡಿನ ಮಾಡು, ಮಸಿ ಹಿಡಿದ ಗೋಡೆ, ಆರೇಳು ಬೆಂಚು, ಬಾಗಿಲ ಬಳಿ ಕೈ ತೊಳೆಯಲು ನೀರಿನ ಬ್ಯಾರಲ್ಲು. ಬೋರ್ಡಿನ ಮೇಲಿನ ಅಕ್ಷರಗಳಲ್ಲಿ ಅರ್ಧ ಅಳಿಸಿಹೋಗಿದ್ದರೂ ‘ಖಾನಾವಳಿ’ ಎಂಬುದು ಮಾತ್ರ ಇನ್ನೂ ಓದಲು ಬರುತ್ತದೆ. ಓದಲು ಬರದಿದ್ದರೂ ಅಡ್ಡಿಯಿಲ್ಲ, ಹಸಿದವನು ದಾರಿ ತಪ್ಪುವುದಿಲ್ಲ.

ಒಳಗೆ ಬೆಂಚಿನ ತುದಿಯಲ್ಲಿ ಪಿ.ಯು. ಓದುವ ಹುಡುಗನೊಬ್ಬ ತೊಡೆಯ ಮೇಲೆ ಪುಸ್ತಕದ ಚೀಲ ಇಟ್ಟುಕೊಂಡೇ ಉಣ್ಣುತ್ತಿರುತ್ತಾನೆ. ಮೂರು ರೊಟ್ಟಿ ಮುಗಿದಿರುತ್ತವೆ. ಒಲೆಯ ಕಡೆಯಿಂದ ಬಿಸಿ ರೊಟ್ಟಿ ಹಿಡಿದು ಬಂದ ಹೆಣ್ಣುಮಗಳು ಕೇಳುತ್ತಾಳೆ: “ಇನ್ನೊಂದು ಹಾಕ್ಲೇನು ತಮ್ಮಾ?”

“ಸಾಕ್ರೀ ಅಕ್ಕಾರ...”

ಆ ಮಾತು ಮುಗಿಯುವುದರೊಳಗೆ ರೊಟ್ಟಿ ತಾಟಿಗೆ ಬಿದ್ದಿರುತ್ತದೆ. ಸಾಕು ಎಂದವನೂ ಅದನ್ನು ಮುರಿಯತೊಡಗಿರುತ್ತಾನೆ.

ಈ ಓಣಿ ಇಂಡಿಯಲ್ಲಷ್ಟೇ ಇಲ್ಲ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿಯೂ ಇಂಥವೇ ಓಣಿಗಳಿವೆ, ಇಂಥವೇ ಬೆಂಚುಗಳಿವೆ. 2014ರ ನವೆಂಬರ್ 1ರಂದು ವಿಜಾಪುರ ಹೋಗಿ ವಿಜಯಪುರ ಎಂದಾದ ಜಿಲ್ಲೆಯ ಹಳೆಯ ಐದು ತಾಲ್ಲೂಕುಗಳಲ್ಲಿ ಜಿಲ್ಲಾಕೇಂದ್ರವನ್ನು ಬಿಟ್ಟರೆ ಉಳಿಯುವವು ಈ ನಾಲ್ಕೇ. ಇತ್ತೀಚಿನ ವರ್ಷಗಳಲ್ಲಿ ಇವುಗಳ ಹೊಟ್ಟೆಯಿಂದಲೇ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ತಾಲ್ಲೂಕುಗಳಾಗಿ ಹೊರಬಂದವು. ಸುತ್ತಲಿನ ಹಳ್ಳಿಗಳ ಮಕ್ಕಳು ಹತ್ತನೆಯ ಇಯತ್ತೆ ಮುಗಿಸಿದ ಮೇಲೆ ಕಾಲೇಜಿಗೆಂದು ಮೊದಲು ಬಂದು ಇಳಿಯುವುದು ಈ ಊರುಗಳಲ್ಲಿ. ಇಳಿದ ಕೂಡಲೇ ಎದುರಾಗುವ ಪ್ರಶ್ನೆ ಪ್ರವೇಶದ್ದಲ್ಲ, ಪುಸ್ತಕದ್ದಲ್ಲ. ಊಟ ಎಲ್ಲಿ?

ತಾಟಿನಲ್ಲಿ ಏನೇನು?

ಖಾನಾವಳಿ ಎಂಬ ಶಬ್ದ ಮರಾಠಿ ಸೀಮೆಯ ಕಡೆಯಿಂದ ಬಂದದ್ದು. ಹೋಟೆಲು ಬೇರೆ, ಖಾನಾವಳಿ ಬೇರೆ ಎಂಬುದು ಈ ಕಡೆಯವರಿಗೆ ಹೇಳಿಕೊಡಬೇಕಾದ ಮಾತಲ್ಲ. ಹೋಟೆಲಿಗೆ ಹೋಗುವುದು ಚಹಾಕ್ಕೆ, ಭಜಿಗೆ, ಸುಸಲಾ–ಮಿರ್ಚಿಗೆ. ಖಾನಾವಳಿಗೆ ಹೋಗುವುದು ಉಣ್ಣಲಿಕ್ಕೆ. ಅಲ್ಲಿ ಪಟ್ಟಿ ಕೇಳುವ ರೂಢಿಯಿಲ್ಲ. ಅಂದು ಏನು ಮಾಡಿದ್ದಾರೋ ಅದೇ ಊಟ. ಜೋಳದ ರೊಟ್ಟಿ, ಒಂದು ಕಾಳಿನ ಪಲ್ಲೆ, ಒಂದು ಕಾಯಿಪಲ್ಲೆ. ಬದನೆಕಾಯಿ ಅಗ್ಗವಿದ್ದ ದಿನ ಎಣ್ಣೆಗಾಯಿ, ಕಾಯಿಪಲ್ಲೆ ತುಟ್ಟಿಯಾದ ದಿನ ಝುಣಕ. ಪುಂಡಿಪಲ್ಲೆ ಇದ್ದರೆ ಆ ದಿನ ಹಳ್ಳಿಯಿಂದ ಬಂದ ಹುಡುಗರ ಮುಖ ನೋಡಬೇಕು! ಬದಿಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅಥವಾ ಅಗಸಿ ಹಿಂಡಿ, ಮೇಲೆ ಒಂದಿಷ್ಟು ಎಣ್ಣೆ ಅಥವಾ ಮೊಸರು. ಹಸಿ ಉಳ್ಳಾಗಡ್ಡಿ, ಸಿಕ್ಕ ದಿನ ಮೆಂತ್ಯದ ತಪ್ಪಲು. ಕೊನೆಗೆ ಒಂದು ಬಟ್ಟಲು ಅನ್ನ, ಸಾರು. ಇಂಡಿಯಲ್ಲಾದರೆ ತಾಟಿನ ಅಂಚಿಗೆ ಲಿಂಬೆಯ ಹೋಳು ತಪ್ಪುವುದಿಲ್ಲ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಇಂಡಿಯ ಲಿಂಬೆ ದೂರದ ಪೇಟೆಗಳಿಗೆ ಹೋಗುತ್ತದೆ ನಿಜ. ಮೊದಲ ಹೋಳು ಮಾತ್ರ ಈ ತಾಟುಗಳದ್ದೇ.

ಇದನ್ನು ಬಡವರ ಊಟವೆಂದು ಮೂಗು ಮುರಿಯುವ ತಂದೆ–ತಾಯಿಗಳು ಒಂದು ಲೆಕ್ಕ ಗಮನಿಸಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಹಾರ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಸುಮಾರು 10 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನು 8 ಗ್ರಾಮಿಗೆ ತುಸು ಕಡಿಮೆ, ನಾರು 3 ಗ್ರಾಮಿಗಿಂತಲೂ ಕಡಿಮೆ. ಕಬ್ಬಿಣದ ಅಂಶವಂತೂ ಜೋಳದಲ್ಲಿ ಐದಾರು ಪಟ್ಟು ಹೆಚ್ಚು. ಅದಕ್ಕೆ ಕಾಳು, ಶೇಂಗಾ, ಹಸಿ ತಪ್ಪಲು ಕೂಡಿದರೆ ಓದುವ ಮಗುವಿಗೆ ಬೇಕಾದದ್ದು ಬಹುಮಟ್ಟಿಗೆ ಒಂದೇ ತಾಟಿನಲ್ಲಿ ಬಂತು. ಕಾಲೇಜಿನ ಗೇಟಿನೆದುರು ಸಂಜೆ ನಿಲ್ಲುವ ಗೋಬಿ ಮಂಚೂರಿಯ ಗಾಡಿಗೆ ಈ ಮಾತು ಹೇಳಿ ಪ್ರಯೋಜನವಿಲ್ಲ, ಅದಿರಲಿ.

ಆದರೆ ಖಾನಾವಳಿಯ ನಿಜವಾದ ಮಹಿಮೆ ಪೌಷ್ಟಿಕತೆಯಲ್ಲಿ ಇಲ್ಲ. ‘ರೊಟ್ಟಿ ಎಷ್ಟು ಬೇಕೋ ಅಷ್ಟು’ ಎಂಬ ಅದರ ಹಳೆಯ ಕರಾರಿನಲ್ಲಿದೆ. ಊಟಕ್ಕೆ ಒಂದೇ ದರ. ಎರಡು ತಿಂದವನಿಗೂ ಅಷ್ಟೇ, ಐದು ತಿಂದವನಿಗೂ ಅಷ್ಟೇ. ಹದಿನಾರು–ಹದಿನೇಳರ ಹುಡುಗರ ಹೊಟ್ಟೆ ಎಂಥದೆಂಬುದು ಹೆತ್ತವರಿಗೆ ಗೊತ್ತು. ತಿಂಗಳ ಖಾತೆ ಹಚ್ಚಿದ ಹುಡುಗ ಕಾರ್ಡಿನ ಮೇಲೆ ದಿನಕ್ಕೆರಡು ಗೀಟು ಹಾಕಿಸಿಕೊಂಡು ಉಂಡು ಹೋಗುತ್ತಾನೆ. ತಿಂಗಳ ಕೊನೆಗೆ ಊರಿಂದ ಹಣ ಬರುವುದು ನಾಲ್ಕು ದಿನ ತಡವಾದರೆ ಮಾಲಕರು ಗಲ್ಲಾದ ಹಿಂದಿನಿಂದ “ಬರಲಿ ಬಿಡು, ಉಣ್ಣು” ಎನ್ನುತ್ತಾರೆ. ಎಲ್ಲ ಮಾಲಕರೂ ಹೀಗೆ ಎಂದು ಹೇಳುವಂತಿಲ್ಲ. ಅನ್ನದಿದ್ದವರ ಖಾನಾವಳಿಯಲ್ಲಿ ವಿದ್ಯಾರ್ಥಿಗಳು ಹೆಚ್ಚು ದಿನ ನಿಲ್ಲುವುದಿಲ್ಲ ಎಂಬುದು ಮಾತ್ರ ಖರೆ.

ಬಸ್ಸಿನಲ್ಲಿ ಬಂದ ಬುತ್ತಿ

ಖಾನಾವಳಿಯ ಖರ್ಚೂ ಭಾರವಾದ ಮನೆಗಳಿಗೆ ಇನ್ನೊಂದು ದಾರಿ ಉಂಟು. ಬೆಳಗಿನ ಮೊದಲ ಬಸ್ಸು ಹಳ್ಳಿ ಬಿಡುವ ಮುನ್ನ ತಾಯಿಯೋ ತಂಗಿಯೋ ಓಡೋಡಿ ಬಂದು ಚಾಲಕನ ಆಸನದ ಪಕ್ಕ ಬುತ್ತಿಯ ಗಂಟು ಇಡುತ್ತಾರೆ. ಬಿಳಿಯ ಅರಿವೆಯಲ್ಲಿ ಸುತ್ತಿದ ರೊಟ್ಟಿ, ಡಬ್ಬಿಯಲ್ಲಿ ಪಲ್ಲೆ, ಹಿಂಡಿ. ಗಂಟಿನ ಮೇಲೆ ಹೆಸರು, ಊರು. ಮಗ ಅಥವಾ ಮಗಳು ನಿಲ್ದಾಣದಲ್ಲಿ ಕಾದು ನಿಂತು ಇಳಿಸಿಕೊಳ್ಳುತ್ತಾರೆ. ಸಂಜೆಯ ಬಸ್ಸಿಗೆ ಬರಿಯ ಡಬ್ಬಿ ವಾಪಸು. ವಿಜಯಪುರ, ಧಾರವಾಡಗಳ ಬಸ್ ನಿಲ್ದಾಣಗಳಲ್ಲಿ ಈ ನೋಟ ತಲೆಮಾರುಗಳಿಂದ ಇದ್ದದ್ದೇ. ಇಂದು ದೊಡ್ಡ ಹುದ್ದೆಯಲ್ಲಿರುವ ಎಷ್ಟೋ ಮಂದಿ ಒಂದು ಕಾಲಕ್ಕೆ ಆ ಗಂಟಿಗಾಗಿ ಕಾದು ನಿಂತವರು.

ಈ ನಾಲ್ಕೂ ಊರುಗಳ ವಿದ್ಯಾರ್ಥಿಗೆ ಬಸ್ಸೇ ಬಂಧು. ರೈಲು ಇದೆ, ಆದರೆ ಸೊಲ್ಲಾಪುರ–ಗದಗ ಮಾರ್ಗದ ‘ಇಂಡಿ ರೋಡ್’, ‘ಬಸವನ ಬಾಗೇವಾಡಿ ರೋಡ್’ ನಿಲ್ದಾಣಗಳು ಊರಿನಿಂದ ದೂರ. ಹೆಸರಿನ ಬಾಲಕ್ಕೆ ‘ರೋಡ್’ ಅಂಟಿದ್ದರೆ ಇಳಿದ ಮೇಲೆ ಇನ್ನೂ ರಸ್ತೆ ಸವೆಸಬೇಕೆಂದೇ ಅರ್ಥ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಬುತ್ತಿಯ ಜೊತೆಗೆ ಅವ್ವನೂ ಬರುವಂತಾಯಿತು. ಬಂದವಳು ಮಗನ ಕೋಣೆಯ ಕಸ ಗುಡಿಸಿ, ಅಂಗಿ ಒಗೆದು, ಮೂರು ಗಂಟೆಯ ಬಸ್ಸಿಗೆ ಮರಳುತ್ತಾಳೆ. ಮಗ ಓದುತ್ತಿದ್ದಾನೋ ಇಲ್ಲವೋ ಎಂಬುದೂ ಅಷ್ಟರಲ್ಲಿ ಅವಳಿಗೆ ಗೊತ್ತಾಗಿರುತ್ತದೆ.

ಬುತ್ತಿಗೂ ಖಾನಾವಳಿಗೂ ವೈರವಿಲ್ಲ. ಎಷ್ಟೋ ಹುಡುಗರದು ಎರಡರ ಸಂಸಾರ. ವಾರದ ಮೊದಲಿಗೆ ಮನೆಯ ಕಟಕ ರೊಟ್ಟಿ, ಜೊತೆಗೆ ಖಾನಾವಳಿಯಿಂದ ಬರೀ ಪಲ್ಲೆ. ರೊಟ್ಟಿ ಮುಗಿದ ಗುರುವಾರದಿಂದ ಪೂರ್ತಿ ಖಾನಾವಳಿ. ಹದವಾಗಿ ಒಣಗಿದ ಕಟಕ ರೊಟ್ಟಿ ಎಂಟು–ಹತ್ತು ದಿನ ಕೆಡುವುದಿಲ್ಲ. ಇದು ಬರಗಾಲದ ಸೀಮೆ ಕಂಡುಕೊಂಡ ಜಾಣತನ.

ಹುಡುಗಿಯರ ಕಥೆಯೇ ಬೇರೆ. ಖಾನಾವಳಿಯ ಬೆಂಚು ಬಹುಕಾಲ ಗಂಡಸರದೇ ಆಗಿತ್ತು. ಲಾರಿಯವರು, ಸಂತೆಗೆ ಬಂದವರು, ಕೋರ್ಟು–ಕಚೇರಿಗೆ ಬಂದವರು ತುಂಬಿದಲ್ಲಿ ಒಂಟಿ ಹುಡುಗಿ ಬಂದು ಕುಳಿತು ಉಣ್ಣುವುದನ್ನು ಊರು ಒಪ್ಪುತ್ತಿರಲಿಲ್ಲ. ಅನೇಕ ಕಡೆ ಇಂದಿಗೂ ಒಪ್ಪುವುದಿಲ್ಲ. ಅವರಿಗೆ ಪರದೆ ಕಟ್ಟಿದ ಮೂಲೆ, ಇಲ್ಲವೇ ಪಾರ್ಸಲ್ಲು. ಪಾರ್ಸಲ್ಲಿನಲ್ಲಿ ರೊಟ್ಟಿ ಎಣಿಸಿಯೇ ಕಟ್ಟುತ್ತಾರೆ. ‘ಇನ್ನೊಂದು ಹಾಕ್ಲೇನು’ ಎಂದು ಪೊಟ್ಟಣ ಕೇಳುವುದಿಲ್ಲವಲ್ಲ! ಬೇಕಾದಷ್ಟು ಎಂಬ ಕರಾರು ಹೀಗೆ ಹುಡುಗಿಯರ ಪಾಲಿಗೆ ಮೊದಲಿನಿಂದಲೂ ಅರ್ಧ ಕರಾರೇ. ವಿಜಯಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಆರಂಭವಾಗಿ, ಈ ತಾಲ್ಲೂಕುಗಳ ಹೆಣ್ಣುಮಕ್ಕಳು ಉನ್ನತ ಓದಿಗೆ ಹೊರಟ ಮೇಲಾದರೂ ಬೆಂಚಿನ ಒಂದು ಸಾಲು ಅವರಿಗಾಗಿ ಖಾಲಿಯಾಗಬೇಕಿತ್ತು. ಕೆಲವೆಡೆ ಆಗಿದೆ, ಅದೂ ಹೆಂಗಸರೇ ಗಲ್ಲಾದಲ್ಲಿ ಕುಳಿತ ಖಾನಾವಳಿಗಳಲ್ಲಿ.

ಬೋರ್ಡಿನ ಮೇಲಿನ ಜಾತಿಯ ಮಾತನ್ನೂ ಆಡದೆ ಬಿಡುವಂತಿಲ್ಲ. ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿ ಎಂದು ಬರೆದಿರುವುದು ಇಲ್ಲಿ ಸಾಮಾನ್ಯ. ಮೊದಲಿನದು ಶಾಕಾಹಾರ, ಎರಡನೆಯದು ಮಾಂಸಾಹಾರ ಎಂದಷ್ಟೇ ಇಂದಿನ ಹುಡುಗರು ತಿಳಿಯುತ್ತಾರೆ. ಹಿರಿಯರು ಮಾತ್ರ ಯಾರು ಎಲ್ಲಿ ಕೂಡಬಹುದಿತ್ತು, ಯಾರು ಹೊರಗೆ ನಿಲ್ಲಬೇಕಿತ್ತು ಎಂಬುದನ್ನು ಮರೆತಿಲ್ಲ. 12ನೆಯ ಶತಮಾನದಲ್ಲಿ ಕಾಯಕ–ದಾಸೋಹದ ಮಾತು ಆಡಿದ ಬಸವಣ್ಣನವರು ಹುಟ್ಟಿದ್ದು ಇದೇ ಬಾಗೇವಾಡಿಯಲ್ಲಿ. ಅವರ ಊರಿನ ಸೀಮೆಯಲ್ಲೇ ಪಂಕ್ತಿ ಒಂದಾಗಲು ಇಷ್ಟು ಕಾಲ ಬೇಕಾಯಿತು. ಆ ಪಂಕ್ತಿಯನ್ನು ಹೆಚ್ಚು ಕಲಸಿದವರು ವಿದ್ಯಾರ್ಥಿಗಳೇ. ಒಂದೇ ಕೋಣೆಯಲ್ಲಿದ್ದು, ಒಂದೇ ನೋಟ್ಸು ಓದುವವರು ಬೇರೆ ಬೇರೆ ಬೋರ್ಡಿನ ಕೆಳಗೆ ಉಣ್ಣುವುದಾದರೂ ಹೇಗೆ?

ಹಿಂದೆ ಕಲಿಯಲು ಬಂದವನ ಊಟಕ್ಕೆ ವಾರಾನ್ನವಿತ್ತು. ವಾರದ ಏಳು ದಿನ ಏಳು ಮನೆ. ಅದು ಸಿಗುತ್ತಿದ್ದುದು ಕೆಲವರಿಗೆ ಮಾತ್ರ. ಫ.ಗು. ಹಳಕಟ್ಟಿಯವರು ಮುಂದಾಗಿ 1910ರಲ್ಲಿ ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದ ಕಾಲಕ್ಕೆ ಕಲಿಕೆಯ ಜೊತೆಗೇ ಊಟ–ವಸತಿಯ ಚಿಂತೆಯೂ ಈ ಭಾಗದ ಸಮಾಜಗಳನ್ನು ಹಿಡಿಯಿತು. ಧಾರವಾಡದ ಮುರುಘಾಮಠದಂಥ ಕಡೆ ಉಚಿತ ಪ್ರಸಾದ ನಿಲಯಗಳು ನಡೆದವು. ಮುಂದೆ ಸರ್ಕಾರಿ ವಸತಿನಿಲಯಗಳು ಬಂದವು. ಇವೆಲ್ಲದರಲ್ಲಿ ಸ್ಥಾನ ಸಿಗದೆ ಉಳಿದವರನ್ನು ಹೊತ್ತುಕೊಂಡದ್ದು ಖಾನಾವಳಿ. 2013–14ರಲ್ಲಿ ರಾಜ್ಯ ಸರ್ಕಾರ ‘ವಿದ್ಯಾಸಿರಿ’ ತಂದು, ವಸತಿನಿಲಯ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ತಿಂಗಳಿಗೆ 1,500 ರೂ.ನಂತೆ ವರ್ಷದಲ್ಲಿ 10 ತಿಂಗಳು ಊಟ–ವಸತಿಗೆ ಕೊಡತೊಡಗಿತು. ಖಾತೆಗೆ ಬಂದ ಆ ಹಣದಲ್ಲಿ ಒಂದು ಪಾಲು ಇಂಥ ಗಲ್ಲಾಗಳಿಗೇ ಬಂದು ಬಿದ್ದಿತು.

ಬಡಿಯುವ ಕೈ

ಇಷ್ಟೆಲ್ಲ ನಿಂತಿರುವುದು ಎರಡು ಅಂಗೈಗಳ ಮೇಲೆ.

ಗೋದಿ ಹಿಟ್ಟಿಗಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ. ಲಟ್ಟಣಿಗೆಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಮರಳುವ ಎಸರು ಹಾಕಿ ಕಲಸಬೇಕು, ಬಿಸಿ ಇರುವಾಗಲೇ ಕೈಯಿಂದ ಒತ್ತಿ ಒತ್ತಿ ನಾದಬೇಕು. ಉಂಡೆಯನ್ನು ಒಣ ಹಿಟ್ಟಿನ ಮೇಲೆ ಇಟ್ಟು, ತಿರುಗಿಸುತ್ತ ಅಂಗೈಯಿಂದ ಬಡಿಯಬೇಕು. ಬಡಿತ ಬಿರುಸಾದರೆ ಅಂಚು ಒಡೆಯುತ್ತದೆ, ಮೆತ್ತಗಾದರೆ ನಡುವೆ ದಪ್ಪ ಉಳಿಯುತ್ತದೆ. ಅಗಲವಾದದ್ದನ್ನು ಎರಡೂ ಕೈಯಲ್ಲಿ ಎತ್ತಿ ಕಾದ ಹಂಚಿಗೆ ಹಾಕಿ, ಹಸಿ ಅರಿವೆಯಿಂದ ಮೇಲೆ ನೀರು ಸವರಿ, ಮಗುಚಿ, ಕೊನೆಗೆ ಕೆಂಡಕ್ಕೆ ಒಡ್ಡಬೇಕು. ಆಗ ಅದು ಉಬ್ಬುತ್ತದೆ. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಜಿಗಿ ಹೋಗಿ ಎಷ್ಟು ನಾದಿದರೂ ರೊಟ್ಟಿ ಬಿರಿಯುತ್ತದೆ. ಅದಕ್ಕೇ ಖಾನಾವಳಿಯವರು ಹೆಚ್ಚು ಬೀಸಿಡುವುದಿಲ್ಲ, ಎರಡು ದಿನಕ್ಕೊಮ್ಮೆ ಗಿರಣಿಗೆ ಹೋಗುತ್ತಾರೆ.

ಬೆಳಗಿನಿಂದ ಮಧ್ಯಾಹ್ನದವರೆಗೆ, ಮತ್ತೆ ಸಂಜೆಯಿಂದ ರಾತ್ರಿಯವರೆಗೆ ನೂರಾರು ರೊಟ್ಟಿ ಬಡಿಯುವ ಹೆಣ್ಣುಮಗಳು ಕೂತಲ್ಲಿಂದ ಏಳುವುದಿಲ್ಲ. ಮುಂಗೈ ಬಾಯುತ್ತದೆ, ಬೆರಳ ತುದಿ ಸುಡುತ್ತದೆ, ಹತ್ತಿಕಟ್ಟಿಗೆಯ ಹೊಗೆ ಕಣ್ಣಿಗೆ. ಇವರಲ್ಲಿ ಹಲವರು ಹೊಲವಿಲ್ಲದ ಮನೆಗಳಿಂದ ಬಂದವರು, ಗಂಡನನ್ನು ಕಳೆದುಕೊಂಡವರು, ಬರದ ವರ್ಷ ಹಳ್ಳಿ ಬಿಟ್ಟವರು. ಅನೇಕರ ಮಕ್ಕಳೂ ಅದೇ ಊರಿನ ಶಾಲೆಯಲ್ಲಿ ಓದುತ್ತಾರೆ. ಊರ ಮಕ್ಕಳಿಗೆಲ್ಲ ಬಿಸಿ ರೊಟ್ಟಿ ಹಾಕಿದವಳು ತನ್ನ ಮಗುವಿಗೆ ಒಯ್ಯುವುದು ರಾತ್ರಿ ಹತ್ತರ ಆರಿದ ರೊಟ್ಟಿ.

ಈ ಕೈಗಳು ಈಗ ಕಡಿಮೆಯಾಗುತ್ತಿವೆ. ಹೊಸ ತಲೆಮಾರಿನ ಹುಡುಗಿಯರು ರೊಟ್ಟಿ ಬಡಿಯುವುದನ್ನೇ ಕಲಿಯುತ್ತಿಲ್ಲ ಎಂದು ಗೊಣಗುವ ಗಂಡಸರಿಗೆ ಕೊರತೆಯಿಲ್ಲ. ತಾವು ಯಾಕೆ ಕಲಿಯಬಾರದು ಎಂದು ಅವರಿಗೆ ಹೊಳೆದಂತಿಲ್ಲ. ಮಗಳು ಒಲೆಯ ಮುಂದೆ ಕೂಡಬಾರದೆಂದೇ ತಾಯಿ ಒಲೆಯ ಮುಂದೆ ಕೂತು ಅವಳನ್ನು ಓದಿಸುತ್ತಿದ್ದಾಳೆ. ಅದು ಸರಿಯೇ. ಖಾನಾವಳಿಗೆ ಮಾತ್ರ ಅದು ಕಷ್ಟದ ಸುದ್ದಿ.

ವರ್ಷದಲ್ಲಿ ಮೂರು ಸಲ ಈ ಕಷ್ಟ ಎದ್ದು ಕಾಣುತ್ತದೆ. ಪಂಚಮಿಗೆ ರೊಟ್ಟಿಯಾಕೆ ತವರಿಗೆ ಹೋಗುತ್ತಾಳೆ. ಎಳ್ಳ ಅಮಾವಾಸ್ಯೆಗೆ ಊರಿಗೆ ಊರೇ ಚರಗ ಚೆಲ್ಲಲು ಹೊಲ ಸೇರುತ್ತದೆ. ಅವೆರಡೂ ಒಂದೊಂದು ಹಬ್ಬದ ಮಾತು, ಹುಡುಗರೂ ಊರಿಗೆ ಹೋಗಿರುತ್ತಾರೆ. ಮೂರನೆಯದು ಹಾಗಲ್ಲ. ಹಿಂಗಾರಿ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಕೀಳುವುದು ಫೆಬ್ರವರಿ–ಮಾರ್ಚಿನಲ್ಲಿ. ಪಿ.ಯು. ಪರೀಕ್ಷೆಯೂ ಆಗಲೇ! ಸುಗ್ಗಿಯಲ್ಲಿ ಕೂಲಿ ಹೆಚ್ಚು, ಕೆಲವರಿಗೆ ಕಾಳೇ ಕೂಲಿಯಾಗಿ ಸಿಗುತ್ತದೆ. ಆ ಒಂದು ತಿಂಗಳು ರೊಟ್ಟಿಯಾಕೆ ಹೊಲಕ್ಕೆ ಹೋದರೆ ತಪ್ಪು ಹೇಳುವವರಾರು? ಆದರೆ ಮಗ ರಾತ್ರಿ ಹನ್ನೆರಡರವರೆಗೆ ಓದುವ ದಿನಗಳೂ ಅವೇ. ಹೊಟ್ಟೆ ತುಂಬ ಬೇಕಾದ ತಿಂಗಳಿನಲ್ಲೇ ಒಲೆ ಅರ್ಧ ಆರಿರುತ್ತದೆ.

ಕೈ ಸಿಗದ ಈ ಸಂಕಟ ಇಲ್ಲಿಯದಷ್ಟೇ ಅಲ್ಲ. ದೊಡ್ಡ ನಗರಗಳಲ್ಲಿ ಈಗ ಶ್ರೀಮಂತರ ತಿನಿಸಾಗಿ ಮೆರೆಯುವ ಜಪಾನಿನ ‘ಸುಶಿ’ ಹುಟ್ಟಿನಲ್ಲಿ ಬೀದಿಯ ತಿನಿಸು. ಇಂದಿನ ಟೋಕಿಯೊ ಆಗಿರುವ ಎಡೋ ಪಟ್ಟಣದಲ್ಲಿ 19ನೆಯ ಶತಮಾನದ ಆರಂಭದಲ್ಲಿ ದುಡಿಯುವ ಜನ ಗಾಡಿಯ ಮುಂದೆ ನಿಂತೇ ತಿಂದು ಹೋಗುತ್ತಿದ್ದ, ಹುಳಿ ಅನ್ನದ ತುತ್ತಿನ ಮೇಲೆ ಮೀನಿನ ಹೋಳಿಟ್ಟ ತಿನಿಸು ಅದು. ಅದನ್ನೂ ಅಂಗೈಯಲ್ಲೇ ಒತ್ತಬೇಕು. ಒಸಾಕಾ ಬಳಿ ಅಗ್ಗದ ಸುಶಿ ಅಂಗಡಿ ಇಟ್ಟಿದ್ದ ಯೊಶಿಯಾಕಿ ಶಿರಾಯಿಶಿ ಎಂಬಾತನಿಗೆ ಬಡಿಸುವ ಆಳು ಸಿಗದೆ ತಲೆ ಕೆಟ್ಟಿತು. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಪಟ್ಟಿಯ ಮೇಲೆ ಸಾಲಾಗಿ ಸಾಗುವುದನ್ನು ಕಂಡವನೇ 1958ರಲ್ಲಿ ತನ್ನ ಅಂಗಡಿಯಲ್ಲಿ ತಿರುಗುವ ಪಟ್ಟಿ ಕೂಡಿಸಿದ. ತಟ್ಟೆಗಳು ತಾವೇ ಗಿರಾಕಿಯ ಮುಂದೆ ಬರತೊಡಗಿದವು, ದರ ಇಳಿಯಿತು, ಸಾಮಾನ್ಯ ಸಂಸಾರಗಳೂ ಬಂದು ಕುಳಿತವು. 1981ರಲ್ಲಿ ಅನ್ನ ಒತ್ತುವ ಯಂತ್ರವೂ ಅಲ್ಲಿ ಬಂತು.

ರೊಟ್ಟಿಯ ಯಂತ್ರವೂ ನಮ್ಮಲ್ಲಿ ಬಂದಿದೆ. ಅದರಲ್ಲಿ ಗುಂಡಗೆ, ತೆಳ್ಳಗೆ, ಒಂದೇ ಅಳತೆಯ ರೊಟ್ಟಿ ಬೀಳುತ್ತವೆ. ಒಣಗಿಸಿ ಕಟ್ಟಿ ಮಾರಲು ಅವು ಲೇಸು. 2024ರಲ್ಲಿ ಕಲಬುರಗಿ ಜಿಲ್ಲಾಡಳಿತ ಮಹಿಳಾ ಸ್ವಸಹಾಯ ಗುಂಪುಗಳನ್ನು ಕೂಡಿಸಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರಾಟಕ್ಕಿಳಿಸಿದ್ದು ಒಳ್ಳೆಯ ಹೆಜ್ಜೆ. ಬಡಿಯುವ ಕೈಗೆ ಒಂದು ಹೆಸರಾದರೂ ಬಂತು. ಹಂಚಿನಿಂದ ನೇರ ತಾಟಿಗೆ ಬೀಳುವ ಬಿಸಿ ರೊಟ್ಟಿಗೆ ಮಾತ್ರ ಯಂತ್ರ ಇನ್ನೂ ಸಾಟಿಯಾಗಿಲ್ಲ. ಸಣ್ಣ ಖಾನಾವಳಿಯವರಿಗೆ ಅದನ್ನು ಕೊಳ್ಳುವ ಬಂಡವಾಳವೂ ಇಲ್ಲ.

ಬಂಡವಾಳದ ಮಾತು ಬಂದಾಗ ಮುಂಬಯಿಯನ್ನು ನೆನೆಯಬೇಕು. ಅಲ್ಲಿ ಬಟ್ಟೆ ಗಿರಣಿಗಳ ಸಾವಿರಾರು ಕಾರ್ಮಿಕರಿಗೆ ಊಟ ಹಾಕುತ್ತಿದ್ದುದು ಚಾಳುಗಳ ಸಣ್ಣ ಕೋಣೆಗಳಲ್ಲಿ ಖಾನಾವಳಿ ನಡೆಸುತ್ತಿದ್ದ ಹೆಂಗಸರು. ಕಿರಾಣಿಯವನ ಸಾಲ, ಸಾಹುಕಾರನ ಬಡ್ಡಿಯಲ್ಲಿ ಸಿಕ್ಕ ಅವರನ್ನು ಪ್ರೇಮಾ ಪುರವ ಎಂಬ ಕಾರ್ಯಕರ್ತೆ 1975ರಲ್ಲಿ ‘ಅನ್ನಪೂರ್ಣಾ ಮಹಿಳಾ ಮಂಡಲ’ದಡಿ ಒಟ್ಟುಗೂಡಿಸಿ ಬ್ಯಾಂಕಿನ ಸಾಲ ಕೊಡಿಸಿದರು. ಒಬ್ಬೊಬ್ಬರಿಗೆ ಕೊಡದ ಬ್ಯಾಂಕು ಗುಂಪಿಗೆ ಕೊಟ್ಟಿತು. ಇಂಡಿ–ಸಿಂದಗಿಯ ರೊಟ್ಟಿಯ ಒಲೆಗಳ ಮುಂದೆ ಕೂತವರಿಗೂ ಅಂಥದೊಂದು ಗುಂಪು ಬೇಡವೇ?

ಎಣಿಕೆಗೆ ಬಂದ ರೊಟ್ಟಿ

ಇನ್ನು ಜೋಳದ ಲೆಕ್ಕ. ಡೋಣಿ ಹರಿದರೆ ಓಣಿ ತುಂಬ ಜೋಳ ಎಂಬುದು ಈ ಜಿಲ್ಲೆಯ ಹಳೆಯ ಮಾತು. ಡೋಣಿಯ ಕಪ್ಪು ನೆಲ ಹಿಡಿದಿಟ್ಟ ಹಸಿಯಲ್ಲೇ, ಮೇಲೆ ಒಂದು ಹನಿ ಬೀಳದಿದ್ದರೂ, ಮಾಲದಂಡಿ ಜೋಳ ತೆನೆ ಕಟ್ಟುತ್ತದೆ. ಅದೇ ನೆಲಕ್ಕೆ ಈಗ ತೊಗರಿ ಬಂದಿದೆ. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಕಾಲುವೆ ನೀರು ಸಿಕ್ಕಲ್ಲಿ ಕಬ್ಬು, ಗೋವಿನಜೋಳ, ದ್ರಾಕ್ಷಿ ಬಂದಿವೆ. ರೈತನನ್ನು ದೂರುವಂತಿಲ್ಲ. ಜೋಳ ಕೀಳಲು ಆಳು ಸಿಗುವುದಿಲ್ಲ, ಕಬ್ಬಿಗೆ ಕಾರ್ಖಾನೆ ಉಂಟು. ಅವನ ಮಗನೂ ಈ ಖಾನಾವಳಿಗಳಲ್ಲೇ ಉಣ್ಣುತ್ತಾನೆ, ಅವನ ಫೀಸು ಕಟ್ಟುವುದೂ ಆ ಕಬ್ಬಿನ ಹಣದಿಂದಲೇ.

2013–14ರಲ್ಲಿ ಮಾಲದಂಡಿ ಜೋಳಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 1,520 ರೂ. ಇತ್ತು. 2025–26ಕ್ಕೆ ಅದು 3,749 ರೂ. ಪೇಟೆಯ ದರ ಅದನ್ನೂ ಮೀರಿ ಹೋದ ವರ್ಷಗಳಿವೆ. ಒಂದು ಕಿಲೊ ಹಿಟ್ಟಿಗೆ ಹದಿಮೂರು ರೊಟ್ಟಿ ಎಂದು ಹಿಡಿದು, ಹೊತ್ತಿಗೆ ನಾಲ್ಕರಂತೆ ದಿನಕ್ಕೆ ಎಂಟು ರೊಟ್ಟಿ ತಿನ್ನುವ ಹುಡುಗನಿಗೆ ತಿಂಗಳಿಗೆ ಸುಮಾರು 18 ಕಿಲೊ ಜೋಳ ಬೇಕು. ಬೆಂಬಲ ಬೆಲೆಯ ಲೆಕ್ಕದಲ್ಲೇ ಆಗ ಅದಕ್ಕೆ 275 ರೂ. ಬೀಳುತ್ತಿತ್ತು, 2025–26ರಲ್ಲಿ 675 ರೂ. ವಿದ್ಯಾಸಿರಿ ಶುರುವಾದಾಗಿನ ಆ 1,500 ರೂ.ಯನ್ನೇ ಅಳತೆಗೋಲು ಮಾಡಿಕೊಂಡರೆ, ಅದರಲ್ಲಿ ಐದನೆಯ ಒಂದು ಪಾಲಿಗೂ ಕಡಿಮೆಯಿದ್ದ ಜೋಳದ ಖರ್ಚು ಹನ್ನೆರಡು ವರ್ಷಗಳಲ್ಲಿ ಅರ್ಧದ ಹತ್ತಿರಕ್ಕೆ ಬಂತು. ಪಲ್ಲೆ, ಎಣ್ಣೆ, ಕಟ್ಟಿಗೆ, ಕೂಲಿ, ಬಾಡಿಗೆ ಇನ್ನೂ ಹೊರಗಿವೆ.

ಇತ್ತ ಅಕ್ಕಿ ಹತ್ತಿರವಾಯಿತು. 2013ರ ಜುಲೈನಲ್ಲಿ ‘ಅನ್ನಭಾಗ್ಯ’ ಬಂದಾಗ ಬಡ ಮನೆಗಳಿಗೆ ಅಕ್ಕಿ ಸಿಕ್ಕಿದ್ದು ಕಿಲೊಗೆ 1 ರೂ. ದರದಲ್ಲಿ. ಹಸಿವಿಗೆ ಅದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಹಬ್ಬಕ್ಕೆ ಮಾತ್ರ ಅನ್ನ ಕಾಣುತ್ತಿದ್ದ ಈ ಸೀಮೆಯ ಮನೆಗಳಲ್ಲಿ ಅದು ದಿನದ ಊಟವಾಯಿತು. ಅನ್ನಕ್ಕೆ ನೀರು ಇಟ್ಟರೆ ಸಾಕು, ಬಡಿಯುವ ಕೈ ಬೇಡ. ಖಾನಾವಳಿಯೂ ಇದನ್ನು ಕಂಡುಕೊಂಡಿತು. ಮೊದಲು ರೊಟ್ಟಿ ಬೇಕಾದಷ್ಟು, ಅನ್ನ ಒಂದು ಬಟ್ಟಲು ಎಂದಿತ್ತು. ಹಲವು ಕಡೆ ಅದು ತಿರುಗಿದೆ. ರೊಟ್ಟಿ ಎರಡು, ಅನ್ನ ಬೇಕಾದಷ್ಟು. ಹೆಚ್ಚಿನ ರೊಟ್ಟಿಗೆ ಬೇರೆ ಹಣ. ಗೋಡೆಗೆ ಅಂಟಿಸಿದ ಚೀಟಿ ಅದನ್ನು ಹೇಳುತ್ತದೆ, ಮಾಲಕರ ಬಾಯಿಗೆ ಇನ್ನೂ ಬಂದಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ದೊಡ್ಡ ಊರುಗಳ ಅಂಗಡಿಗಳಲ್ಲಿ ಜೋಳ ಚಂದದ ಪೊಟ್ಟಣ ಸೇರಿತು. ಜೋಳದ ನಾಡಿನ ಹುಡುಗನ ತಾಟಿನಲ್ಲಿ ರೊಟ್ಟಿ ಎಣಿಕೆಗೆ ಬಂದದ್ದು ಹೆಚ್ಚುಕಡಿಮೆ ಇದೇ ಕಾಲಕ್ಕೆ.

ಇಷ್ಟಾದರೂ ಖಾನಾವಳಿ ಕಣ್ಣುಮುಚ್ಚಿ ಎಣಿಸುವುದಿಲ್ಲ. ಸಿಂದಗಿಯ ಸಂತೆಯ ದಿನ ಗದ್ದಲದಲ್ಲಿ ಗಿರಾಕಿಗಳಿಗೆ ಎರಡೇ ರೊಟ್ಟಿ ಎಂದವರು ತಿಂಗಳ ಖಾತೆಯ ಹುಡುಗ ಬಂದರೆ ಮೂರನೆಯದನ್ನು ಕೇಳದೆ ಹಾಕುವುದುಂಟು. ಮುದ್ದೇಬಿಹಾಳದ ಕಡೆ ಪರೀಕ್ಷೆಯ ದಿನ ಬೆಳಗ್ಗೆಯೇ ಒಲೆ ಹಚ್ಚಿ, ಉಪವಾಸ ಹೋಗಬೇಡ ಎಂದು ಗದರಿಸುವ ಹಿರಿಯ ಹೆಂಗಸರಿದ್ದಾರೆ. ಯಾವ ಕಾಲೇಜು, ಯಾವ ವಿಷಯ ಎಂಬುದು ಅವರಿಗೆ ತಿಳಿಯದು, ಯಾರು ಎಷ್ಟು ತಿನ್ನುತ್ತಾರೆ ಎಂಬುದು ಚೆನ್ನಾಗಿ ತಿಳಿದಿರುತ್ತದೆ. ಒಬ್ಬ ಹುಡುಗ ಎರಡು ದಿನ ಸರಿಯಾಗಿ ಉಣ್ಣದಿದ್ದರೆ ಮೊದಲು ಗೊತ್ತಾಗುವುದು ಪ್ರಾಧ್ಯಾಪಕರಿಗಲ್ಲ, ಈ ಅಕ್ಕಂದಿರಿಗೆ. “ಯಾಕ್ ತಮ್ಮಾ, ಮೈಯಾಗ ಆರಾಮಿಲ್ಲೇನು?” ಎಂಬ ಮಾತು ಎಷ್ಟು ಮಕ್ಕಳನ್ನು ಕಾಯಿಲೆಯಿಂದ, ಕೆಟ್ಟ ಯೋಚನೆಯಿಂದ ತಡೆದಿದೆಯೋ ಲೆಕ್ಕ ಇಟ್ಟವರಿಲ್ಲ.

ಮಗನನ್ನೋ ಮಗಳನ್ನೋ ಹೊಸದಾಗಿ ಕಾಲೇಜಿಗೆ ಬಿಡಲು ಬರುವ ತಂದೆ–ತಾಯಿ ಕೋಣೆಯ ಬಾಡಿಗೆ ಚೌಕಾಸಿ ಮಾಡುತ್ತಾರೆ, ಟ್ಯೂಷನ್ ವಿಚಾರಿಸುತ್ತಾರೆ. ಒಂದು ಹೊತ್ತು ಮಗುವಿನ ಜೊತೆ ಆ ಬೆಂಚಿನ ಮೇಲೆ ತಾವೂ ಕುಳಿತು ಉಂಡು ನೋಡುವವರು ಕಡಿಮೆ. ಕೂತರೆ ಪಲ್ಲೆಯ ಎಣ್ಣೆ ಎಂಥದು, ನೀರು ಎಲ್ಲಿಯದು, ತಾಟು ಹೇಗೆ ತೊಳೆಯುತ್ತಾರೆ ಎಂಬುದು ಕಾಣುತ್ತದೆ. ರೊಟ್ಟಿ ಬಡಿಯುವವಳ ಪರಿಚಯವೂ ಆಗುತ್ತದೆ. “ನಮ್ಮ ಹುಡುಗನ ಕಡೆ ಸ್ವಲ್ಪ ಲಕ್ಷ್ಯ ಇರ್ಲಿ ಯವ್ವಾ” ಎಂದು ಅವಳಿಗೆ ಒಂದು ಮಾತು ಹೇಳಿ ಹೋದ ತಾಯಿ ನಿಶ್ಚಿಂತೆಯಿಂದ ಬಸ್ಸು ಹತ್ತಬಹುದು.

ಸಂಜೆ ಐದೂವರೆ. ಬಸವನ ಬಾಗೇವಾಡಿಯ ನಿಲ್ದಾಣದಲ್ಲಿ ಹಳ್ಳಿಗೆ ಹೊರಟ ಬಸ್ಸಿನ ಬಾಗಿಲಲ್ಲಿ ನಿಂತ ಹುಡುಗ, ಬರಿಯ ಬುತ್ತಿಡಬ್ಬಿಯನ್ನು ಅರಿವೆಯಲ್ಲಿ ಕಟ್ಟಿ ಚಾಲಕನ ಆಸನದ ಪಕ್ಕ ಇಡುತ್ತಾನೆ. ಇನ್ನೊಂದು ಕೈಯಲ್ಲಿ ಮೊಬೈಲು ಕಿವಿಗೆ ಹಿಡಿದಿದ್ದಾನೆ.

“ಅವ್ವಾ, ಡಬ್ಬಿ ಕಳಿಸೀನಿ. ಸೋಮವಾರ ರೊಟ್ಟಿ ನಾಕು ಹೆಚ್ಚಿಗಿ ಇಡು... ಇಲ್ಲ, ಹಿಂಡಿ ಐತಿ, ರೊಟ್ಟಿ ಅಷ್ಟ ಸಾಕು... ಹೂಂ, ಉಂಡೀನಿ.”

ಕಂಡಕ್ಟರ್ ಸೀಟಿ ಊದುತ್ತಾನೆ. ಹುಡುಗ ಕೆಳಗಿಳಿದು, ಚೀಲ ಹೆಗಲಿಗೇರಿಸಿ, ಓಣಿಯ ಕಡೆ ನಡೆಯುತ್ತಾನೆ. ಅಲ್ಲಿ ರಾತ್ರಿಯ ಊಟಕ್ಕೆ ಆಗಲೇ ಒಲೆ ಹಚ್ಚಿದ್ದಾರೆ.